ಕನ್ನಡಿಯೊಳಗಿನ ಗಂಟು ಕೈಗೆ ಬಂತು

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಮೆಣಸಿನಕಾಯಿ ಚೀಲಗಳ ಲೇಬಲ್ ಓದಲು ಕ್ಯಾಮೆರಾದ ಜೊತೆ ಕನ್ನಡಿ ಕೂರಿಸುತ್ತೇನೆ ಎಂದಾಗ, ಅಲ್ಲಿನ ಗುಮಾಸ್ತರು ನಕ್ಕುಬಿಟ್ಟರು. ‘ಕನ್ನಡಿಯೊಳಗಿನ ಗಂಟು ಎನ್ನುವುದು ಇದಕ್ಕೇ ನೋಡಿ, ಸಾಹುಕಾರರೇ’ ಎಂದು ಮಾಲೀಕರ ಮುಂದೆಯೇ ಹೇಳಿದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ವರ್ಕ್‌ಶಾಪಿನ ಪಕ್ಕದವನೂ ‘ಆರು ಕಡೆ ಆರು ಕ್ಯಾಮೆರಾ ಬೇಕು, ಬೇರೆ ದಾರಿಯಿಲ್ಲ’ ಎಂದಿದ್ದ. ಚೀಲ ಒಳಗೆ ಹಾದುಹೋಗುವಾಗ ಎಲ್ಲ ಕಡೆಯಿಂದಲೂ ಓದುವ ಸಿದ್ಧ ಯಂತ್ರಕ್ಕೆ, ಅಂದರೆ ಟನಲ್ ಸ್ಕ್ಯಾನರಿಗೆ, ಮಾಲೀಕರ ಕೈಗೆ ಬಂದಿದ್ದ ದರಪಟ್ಟಿ ಏಳು ಲಕ್ಷದ ಆಸುಪಾಸು. ನಾನು ಎರಡು ಕ್ಯಾಮೆರಾ, ನಾಲ್ಕು ಕನ್ನಡಿಗಳಲ್ಲಿ ಮುಗಿಸಿದೆ. ಈಗ ನೂರು ಚೀಲ ಹೋದರೆ ತೊಂಬತ್ತೇಳೋ ತೊಂಬತ್ತೆಂಟೋ ಓದುತ್ತವೆ.

ಮೊದಲ ಕ್ಯಾಮೆರಾ ಚೀಲ ಸಾಗಿಸುವ ಬೆಲ್ಟಿನ ಮೇಲೆ ನೇತಾಡುತ್ತದೆ. ಚಿತ್ರದ ನಡುವಿನ ಭಾಗದಲ್ಲಿ ಚೀಲದ ಮೇಲ್ಮೈ ನೇರವಾಗಿ ಕಾಣುತ್ತದೆ. ಎಡಬಲದ ಕನ್ನಡಿಗಳಲ್ಲಿ ಎರಡು ಪಕ್ಕೆಗಳು. ಎರಡನೆಯ ಕ್ಯಾಮೆರಾ ಎರಡು ಬೆಲ್ಟುಗಳ ನಡುವಿನ ಸಂದಿನಿಂದ ಚೀಲದ ಹೊಟ್ಟೆಯನ್ನು ನೋಡುತ್ತದೆ. ಅಲ್ಲಿ ಜಾಗವಿಲ್ಲದ ಕಾರಣ ನೋಟವನ್ನು ಎರಡು ಕನ್ನಡಿಗಳಲ್ಲಿ ತಿರುಗಿಸಬೇಕಾಯಿತು. ಕನ್ನಡಿಗಳನ್ನು ಎಷ್ಟು ಡಿಗ್ರಿ ಬಾಗಿಸಿದ್ದೇನೆ ಎಂದು ಮಾತ್ರ ಕೇಳಬೇಡಿ, ಅದಕ್ಕಾಗಿ ಹನ್ನೊಂದು ದಿನ ಬಸ್ಸಿನಲ್ಲಿ ಓಡಾಡಿದ್ದೇನೆ.

ದಾರಿ ತಪ್ಪಿಸಿದ್ದು ಆರಂಭದ ಗೆಲುವೇ. ಮೊದಲು ಲೇಬಲ್ ಮೇಲೆ ಕೋಡ್ 128 ಎಂಬ ಉದ್ದುದ್ದ ಗೆರೆಗಳ ಬಾರ್ ಕೋಡ್ ಹಾಕಿದ್ದೆ. ಕನ್ನಡಿಯಲ್ಲಿಯೂ ಅದು ಸಲೀಸಾಗಿ ಓದಿತು. ಪಟ್ಟಿಯ ಕೋಡನ್ನು ಯಾವ ತುದಿಯಿಂದ ಓದಿದರೂ ಆರಂಭ ಮತ್ತು ಅಂತ್ಯದ ಗುರುತುಗಳಿಂದ ದಿಕ್ಕು ತಿಳಿದುಬಿಡುತ್ತದೆಯಲ್ಲ! ‘ಪ್ರತಿಬಿಂಬ ಸಮಸ್ಯೆಯೇ ಅಲ್ಲ’ ಎಂದು ಮಾಲೀಕರಿಗೆ ಫೋನಿನಲ್ಲಿ ಕೊಚ್ಚಿಕೊಂಡೆ. ಆದರೆ ಗೋಣಿ ಚೀಲ ಸುಕ್ಕಾಗುತ್ತದೆ. ಸುಕ್ಕಿನ ಮೇಲೆ ಉದ್ದನೆಯ ಪಟ್ಟಿ ಮುರಿದು ಕಾಣುತ್ತದೆ. ನೂರಕ್ಕೆ ಅರವತ್ತು ದಾಟಲಿಲ್ಲ. ಕ್ಯೂಆರ್‌ಗೆ ಬದಲಾಯಿಸಿದೆ. ಮೇಲಿನ ನೇರ ನೋಟ ಒಮ್ಮೆಲೇ ಸುಧಾರಿಸಿತು, ಪಕ್ಕದ ಕನ್ನಡಿಗಳಲ್ಲಿ ಸೊನ್ನೆ. ಮೂರು ಮೂಲೆಯ ಚೌಕಗಳನ್ನು ತಂತ್ರಾಂಶ ಹಿಡಿಯುತ್ತಿತ್ತು, ಒಳಗಿನದನ್ನು ಓದುತ್ತಿರಲಿಲ್ಲ. ಕ್ಯೂಆರ್ ಅನ್ನು ಎಷ್ಟು ಸುತ್ತು ತಿರುಗಿಸಿದರೂ ಪರವಾಗಿಲ್ಲ, ಎಡಬಲ ಅದಲುಬದಲಾದರೆ ಕೋಡ್ ಓದುವ ಹಳೆಯ ತಂತ್ರಾಂಶ ಲೈಬ್ರರಿಗಳು ಕೈಚೆಲ್ಲುತ್ತವೆ. ಹೊಸವು ತಾವೇ ಮಗುಚಿ ನೋಡುತ್ತವೆ; ನನ್ನದು ಹಳೆಯದು ಎಂಬುದು ಆಮೇಲೆ ತಿಳಿಯಿತು.

ಆ ರಾತ್ರಿ ಇಡೀ ಚಿತ್ರವನ್ನೇ ಮಗುಚಿದೆ. ಪಕ್ಕೆಗಳು ಓದಿದವು, ಮೇಲಿನ ನೋಟ ಸತ್ತಿತು. ನಗಬೇಡಿ, ರಾತ್ರಿ ಎರಡು ಗಂಟೆಯಾಗಿತ್ತು. ಮರುದಿನ ಚಿತ್ರವನ್ನು ಮೂರು ತುಂಡು ಮಾಡಿ, ಕನ್ನಡಿಯ ತುಂಡುಗಳನ್ನು ಮಾತ್ರ ಮಗುಚಿದೆ. ಕೆಳಗಿನ ಕ್ಯಾಮೆರಾಕ್ಕೂ ಕನ್ನಡಿಯಿದೆ ಎಂದು ಅದನ್ನೂ ಮಗುಚಿ ಇನ್ನೆರಡು ದಿನ ಕಳೆದೆ. ಎರಡು ಬಾರಿ ಪ್ರತಿಫಲಿಸಿದರೆ ಬಿಂಬ ಮತ್ತೆ ಸರಿಯಾಗುತ್ತದೆ ಎಂಬುದು ಕ್ಷೌರದಂಗಡಿಯಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಹಿಡಿದಾಗಲೇ ಹೊಳೆಯಿತು.

ಕನ್ನಡಿಗಳ ಕಥೆ ಬೇರೆ. ಮೊದಲು ದುರ್ಗದ ಬೈಲಿನ ಹತ್ತಿರ ಸಾಮಾನ್ಯ ಕನ್ನಡಿ ಕತ್ತರಿಸಿಕೊಂಡು ಹೋಗಿದ್ದೆ, ಎಲ್ಲ ಸೇರಿ ಸುಮಾರು ಒಂಬೈನೂರು ರೂಪಾಯಿ. ಅದರಲ್ಲಿ ಪ್ರತಿ ಗೆರೆಯ ಪಕ್ಕದಲ್ಲಿ ಇನ್ನೊಂದು ಮಸುಕು ಗೆರೆ. ಗಾಜಿನ ಮುಂಭಾಗವೂ ಒಂದಿಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಪಾದರಸ ಬಳಿದಂತೆ ಕಾಣುವ ಹಿಂಭಾಗವೂ ಹಿಂದಿರುಗಿಸುತ್ತದೆ. ಇದು ನಿಜವೇ ಎಂದು ನೋಡಲು ಗುಜರಿಯಿಂದ ಹಳೆಯ ಜೆರಾಕ್ಸ್ ಯಂತ್ರದ ಕನ್ನಡಿ ಪಟ್ಟಿಗಳನ್ನು ತಂದೆ. ಅವುಗಳ ಲೇಪನ ಮುಂಭಾಗದಲ್ಲಿಯೇ ಇರುತ್ತದೆ. ಮಸುಕು ಗೆರೆ ಮಾಯ! ಪಟ್ಟಿಗಳು ತೀರ ಕಿರಿದಾಗಿದ್ದರಿಂದ ಬೆಂಗಳೂರಿನಿಂದ ದೊಡ್ಡವನ್ನು ತರಿಸಿದೆ, ಒಂದಕ್ಕೆ ಎರಡು ಸಾವಿರದ ಎಂಟುನೂರರಂತೆ. ಮೊದಲ ವಾರದಲ್ಲಿಯೇ ಹಮಾಲರೊಬ್ಬರು ಪಾಪ, ಸಹಾಯವಾಗಲಿ ಎಂದು ಹೆಗಲ ಟವೆಲಿನಿಂದ ಒಂದನ್ನು ತಿಕ್ಕಿ ಒರೆಸಿದರು. ಲೇಪನ ಗೀರಿಹೋಯಿತು. ಎರಡು ಸಾವಿರದ ಎಂಟುನೂರು ಮೆಣಸಿನ ಧೂಳಿನಲ್ಲಿ ಕರಗಿತು.

ಆ ಧೂಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬ್ಯಾಡಗಿಗೆಂದು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟ ಮೇಲೆ ಮೂಗಿಗೆ ಬಡಿಯುವ ಘಾಟು ಕನ್ನಡಿಯ ಮೇಲೆ ಪದರವಾಗಿ ಕೂರುತ್ತದೆ. ಪಕ್ಕದ ಕನ್ನಡಿಗಳು ಹೇಗೋ ಬಚಾವಾದವು. ಹೊಟ್ಟೆಯ ಕೆಳಗಿನದು ಬಾಯಿ ತೆರೆದು ಮೇಲೆ ನೋಡುತ್ತದೆ. ಬೀಜ, ತೊಟ್ಟು, ಪುಡಿ ಎಲ್ಲವೂ ಅದಕ್ಕೇ. ಒಂದು ಸಣ್ಣ ಬ್ಲೋವರ್ ಮತ್ತು ಪಿವಿಸಿ ಪೈಪಿನಿಂದ ಗಾಳಿ ಬೀಸುವಂತೆ ಮಾಡಿದ್ದೇನೆ. ಪೈಪಿನ ಬಾಯಿಯನ್ನು ಹೇಗೆ ಕತ್ತರಿಸಿದ್ದೇನೆ ಎಂಬುದೂ ನನ್ನಲ್ಲಿಯೇ ಇರಲಿ.

ಲೇಬಲ್ಲಿನ ಮೇಲೆ ಕೆಂಪು ಕಲೆ ಬೀಳುತ್ತಿತ್ತು. ಬಿಳಿ ದೀಪ ತೆಗೆದು ಕೆಂಪು ಎಲ್‌ಇಡಿ ಹಾಕಿ ನೋಡೋಣ ಎನಿಸಿತು. ಕ್ಯಾಮೆರಾ ಕಪ್ಪು-ಬಿಳುಪಿನದು. ಕೆಂಪು ಬೆಳಕಿನಲ್ಲಿ ಕೆಂಪು ಕಲೆ ಬಿಳಿಯ ಕಾಗದದಲ್ಲಿ ಬೆರೆತುಹೋಯಿತು, ಕಪ್ಪು ಮಾತ್ರ ಉಳಿಯಿತು. ಇಡೀ ಕೆಲಸದಲ್ಲಿ ಸುಲಭವಾಗಿ ಸಿಕ್ಕ ಜಯ ಇದೊಂದೇ. ಅದೇ ಹುರುಪಿನಲ್ಲಿ ಬಣ್ಣದ ಕ್ಯಾಮೆರಾ ಇಟ್ಟು ಮೆಣಸಿನಕಾಯಿಯ ಕಡ್ಡಿ, ಡಬ್ಬಿ ತಳಿಗಳನ್ನು ಬೇರ್ಪಡಿಸಲು ಹೊರಟೆ. ಗೋಣಿಯ ಹೊರಗಿನಿಂದ ಏನು ಕಂಡೀತು? ಒಂದು ಭಾನುವಾರ ಹಾಳಾಯಿತು.

ಬೆಲ್ಟ್ ನಿಮಿಷಕ್ಕೆ ಇಪ್ಪತ್ತೈದು ಮೀಟರ್ ಓಡುತ್ತದೆ. ಸೆಕೆಂಡಿನ ನೂರನೇ ಒಂದು ಭಾಗ ಶಟರ್ ತೆರೆದಿಟ್ಟರೆ ಚಿತ್ರ ನಾಲ್ಕು ಮಿಲಿಮೀಟರ್ ಕದಡುತ್ತದೆ. ಸಾವಿರನೇ ಒಂದು ಭಾಗಕ್ಕೆ ಇಳಿಸಿದೆ. ಕ್ಯೂಆರ್ ಒಳಗೆ ಮೊದಲು ಉದ್ದನೆಯ ಜಾಲತಾಣದ ವಿಳಾಸ ತುಂಬಿದ್ದೆ, ಕಪ್ಪು-ಬಿಳಿ ಚೌಕದ ಮನೆಗಳು 33×33 ಆಗಿದ್ದವು. ಬರೀ 14 ಅಂಕಿಯ ಚೀಲದ ಸಂಖ್ಯೆ ಇಟ್ಟ ಮೇಲೆ 21×21ಕ್ಕೆ ಇಳಿಯಿತು, ಅದೂ ಒಂದಿಷ್ಟು ಭಾಗ ಹಾಳಾದರೂ ಓದಬಲ್ಲಂತೆ ತಪ್ಪು ತಿದ್ದುವ ಅತ್ಯುನ್ನತ ಮಟ್ಟದಲ್ಲಿ. ಕನ್ನಡಿಯ ದಾರಿ ಉದ್ದವಾದ್ದರಿಂದ ಪಕ್ಕೆಯ ಲೇಬಲ್ ಸಣ್ಣದಾಗಿ ಕಾಣುತ್ತದೆ; ದೊಡ್ಡ ಮನೆಗಳಾಗದಿದ್ದರೆ ಅದು ಓದುತ್ತಲೇ ಇರಲಿಲ್ಲ.

ಎಲ್ಲ ಓದತೊಡಗಿದ ಮೇಲೆ ಹೊಸ ಫಜೀತಿ. ಒಂದೇ ಚೀಲ ಮೇಲೂ ಪಕ್ಕದಲ್ಲಿಯೂ ಸಿಕ್ಕಿ, ಒಂದು ಸಂಜೆ ನಾನೂರು ಚೀಲ ಆರುನೂರಾಯಿತು. ಗುಮಾಸ್ತರ ಮುಖದಲ್ಲಿ ಹಬ್ಬ. ಅದೇ ಸಂಖ್ಯೆ ಎಂಟು ಸೆಕೆಂಡಿನೊಳಗೆ ಮತ್ತೆ ಬಂದರೆ ಬಿಟ್ಟುಬಿಡುವಂತೆ ಮಾಡಿದೆ. ಫೋಟೋ ಸೆನ್ಸರ್ ಚೀಲವನ್ನು ಕಂಡು, ಕ್ಯಾಮೆರಾ ಸಂಖ್ಯೆ ಕೊಡದಿದ್ದರೆ ಬೆಲ್ಟ್ ನಿಲ್ಲುತ್ತದೆ; ಆಗ ಹಮಾಲರು ಚೀಲವನ್ನು ಒಂದು ಹೊರಳು ಹೊರಳಿಸುತ್ತಾರೆ.

ಕ್ಯಾಮೆರಾ, ಲೆನ್ಸ್, ಹಳೆಯ ಕಂಪ್ಯೂಟರ್, ದೀಪ, ಕಬ್ಬಿಣದ ಚೌಕಟ್ಟು, ಹಾಳು ಮಾಡಿದ್ದು ಎಲ್ಲ ಸೇರಿ ಕೈಯಿಂದ ಹೋದದ್ದು ಒಂದು ಲಕ್ಷ ಮೂವತ್ತೈದು ಸಾವಿರದಷ್ಟು. ಮಾತಾಗಿದ್ದು ಒಂದು ಎಂಬತ್ತಕ್ಕೆ. ಅದರಲ್ಲಿ ಇಪ್ಪತ್ತು ಸಾವಿರ ಇನ್ನೂ ಬಾಕಿ. ಹೊಸ ಮಾಲು ಪೇಟೆಗೆ ಬಂದ ಮೇಲೆ ಕೊಡುತ್ತೇವೆ ಎಂದು ಗುಮಾಸ್ತರು ಹೇಳಿದ್ದಾರೆ. ಕೇಳಲು ಹೋದಾಗಲೆಲ್ಲ ಗೀರಿಹೋದ ಆ ಕನ್ನಡಿ ಅವರ ಮೇಜಿನ ಹಿಂದಿನ ಗೋಡೆಯಲ್ಲಿ ನೇತಾಡುತ್ತಿರುತ್ತದೆ.