ಹೈಫೈ ಸೆಟ್ಟಿಂದ ಸಂಗೀತ ಹೊರಡ್ಬೇಕು ಅಂದ್ರೆ

ಆಂಪ್ (ಸ್ಪೀಕರಿಗೆ ಶಕ್ತಿ ಕೊಡೋ ಆಂಪ್ಲಿಫೈಯರ್) ಬದಲಾಯಿಸೋಕೆ ಮುಂಚೆ ಸ್ಪೀಕರ್ ಎಲ್ಲಿಟ್ಟಿದೀರ ನೋಡಿ. ಮೂಲೆಗೆ ಒತ್ತಿಟ್ರೆ ಬೇಸ್ ಉಬ್ಬುತ್ತೆ, ಡ್ರಮ್ಮಿನ ಒಂದು ಪೆಟ್ಟು 'ಗುಂಯ್' ಅಂತ ಎಳ್ಕೊಂಡು ಮುಂದಿನ ಪೆಟ್ಟಿನ ಮೇಲೆ ಬೀಳುತ್ತೆ, ಆಮೇಲೆ ಲಯ ಎಲ್ಲಿಂದ ಕೇಳ್ಸಬೇಕು ಹೇಳಿ? ಗೋಡೆಯಿಂದ ಅರ್ಧ ಮೀಟರ್ ಆದ್ರೂ ಈಚೆ ತಂದು, ಎರಡು ಸ್ಪೀಕರ್ರು ಮತ್ತೆ ನಿಮ್ಮ ತಲೆ ಮೂರೂ ಸಮದೂರ ಬರೋ ಹಾಗೆ ಕೂತ್ಕೊಂಡು, ಟ್ವೀಟರ್ (ಸ್ಪೀಕರ್ ಒಳಗೆ ಏರುದನಿ ಹೊರಡಿಸೋ ಚಿಕ್ಕ ಭಾಗ) ಕಿವಿ ಎತ್ತರಕ್ಕೆ ಇರೋ ಥರ ಮಾಡಿ. ಚೆನ್ನಾಗಿ ಗೊತ್ತಿರೋ ಹಾಡು ಹಾಕಿ, ದನಿ ನಟ್ಟನಡುವೆ ನಿಂತು, ಹಾಡೋರು ಉಸಿರು ತಗೊಳೋದೂ ಕೇಳ್ಸೋ ತನಕ ಇಂಚಿಂಚೇ ಜರುಗಿಸ್ತಾ ಇರಿ. ಬೇಜಾರಿನ ಕೆಲಸಾನೇ, ಆದ್ರೆ ಕೇಬಲ್ಲಿಗೆ ದುಡ್ಡು ಸುರಿಯೋದಕ್ಕಿಂತ ಎಷ್ಟೋ ವಾಸಿ.

ಎರಡು ಆಂಪ್ ಹೋಲಿಸೋವಾಗ ವಾಲ್ಯೂಮ್ ಸಮ ಮಾಡ್ಕೊಳಿ, 1 ಡೆಸಿಬೆಲ್ ಜಾಸ್ತಿ ಇದ್ರೂ ಕಿವಿ ಅದನ್ನೇ 'ಸೂಪರ್' ಅಂದುಬಿಡುತ್ತೆ. ಮೆಲ್ಲಗೆ ಹಾಕಿದಾಗ ಬೇಸ್ ಸಣ್ಣಗಾಗೋದು ಕಿವಿಯ ಗುಣ, ಸೆಟ್ಟಿನ ತಪ್ಪಲ್ಲ.

ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರೋ ಆಂಪ್) ಹಿತ ಅನ್ಸೋದ್ರಲ್ಲಿ ಎರಡನೇ ಹಾರ್ಮೋನಿಕ್ಕಿನ, ಅಂದ್ರೆ ಆಂಪ್ ತಾನಾಗೇ ಸೇರಿಸೋ ಎರಡರಷ್ಟು ಕಂಪನದ ದನಿಯ, ಪಾತ್ರನೂ ಇದೆ, ಅದು ಅದೇ ಸ್ವರದ ಮೇಲಿನ ಸ್ಥಾಯಿಲಿ ಬೀಳೋದ್ರಿಂದ ಅಪಸ್ವರ ಅನ್ಸಲ್ಲ. ಐದು ನಿಮಿಷ ಕೇಳಿ ಕೊಂಡ್ಕೋಬೇಡಿ, ಇಡೀ ಆಲ್ಬಮ್ ಮುಗಿದ್ಮೇಲೂ ಕಿವಿ ದಣಿದಿಲ್ವಾ ನೋಡಿ.