ಉಪಗ್ರಹ ಕೊಟ್ಟ ಓಝೋನ್ ಅಳತೆಯನ್ನು ನೆಲದ ಅಳತೆಯೊಂದಿಗೆ ತಾಳೆ ನೋಡುವುದು ಹೇಗೆ?

ತಲೆಯ ಮೇಲಿರುವ ಓಝೋನನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ತಂದರೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪದರವಾಗುತ್ತದೆ. ಓಝೋನ್ ಅಳೆಯುವ ಮಾನದಲ್ಲಿ ಅದು 300 ಡಾಬ್ಸನ್ ಯೂನಿಟ್. 2004ರಲ್ಲಿ ಹಾರಿದ ಔರಾ ಉಪಗ್ರಹದ ಓಎಂಐ ಉಪಕರಣ ಇದನ್ನು ಮೇಲಿನಿಂದ ಅಳೆದರೆ, ಡಾಬ್ಸನ್ ಮಾಪಕ ನೆಲದಿಂದ ಅಳೆಯುತ್ತದೆ.

ಮೊದಲು ನೆಲದ ಪಟ್ಟಿ ಸಿದ್ಧಮಾಡಿ. ಕೆನಡಾದಲ್ಲಿರುವ ವಿಶ್ವ ಓಝೋನ್ ದತ್ತಾಂಶ ಕೇಂದ್ರದಲ್ಲಿ ನಾನಾ ದೇಶಗಳ ಕಡತಗಳು ಸಿಗುತ್ತವೆ. ಮಾಪಕವನ್ನು ನೇರ ಸೂರ್ಯನಿಗೆ ಹಿಡಿದು ತೆಗೆದ ಅಳತೆಗಳನ್ನಷ್ಟೇ ಉಳಿಸಿಕೊಳ್ಳಿ. ನೆತ್ತಿಯ ಆಕಾಶದ ಬೆಳಕಿನಿಂದ ತೆಗೆದವು ಅಷ್ಟು ನಿಖರವಲ್ಲ. ಬಿಸಿಲು ಓರೆಯಾಗಿ ಬಿದ್ದು, ಬೆಳಕಿನ ಹಾದಿ ನೆತ್ತಿಯ ಹಾದಿಯ ಎರಡೂವರೆ ಪಟ್ಟು ದಾಟಿದ್ದರೆ ಆ ಅಳತೆಯನ್ನೂ ಬಿಡಿ. ಆಗ ಮಾಪಕ ಬಳಸುವ 305.5 ನ್ಯಾನೋಮೀಟರಿನ ಅತಿನೇರಳೆ ಕಿರಣ ತೀರ ಕ್ಷೀಣಿಸಿರುತ್ತದೆ. ಉಪಕರಣದೊಳಗೆ ಚದುರಿದ ಬೆಳಕೂ ಲೆಕ್ಕಕ್ಕೆ ಸೇರಿ ಓಝೋನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಇನ್ನು ಉಪಗ್ರಹದ ಕಡತ. ಡಾಬ್ಸನ್ ಮಾಪಕವಿರುವ ಕೇಂದ್ರದಿಂದ 50 ಕಿ.ಮೀ. ಒಳಗಿನ ಪಿಕ್ಸೆಲ್‌ಗಳನ್ನು (ಒಂದೊಂದು ಅಳತೆ ಆವರಿಸುವ ನೆಲದ ತುಂಡು) ಹೆಕ್ಕಿ, ಗುಣಮಟ್ಟದ ಗುರುತು ಸರಿಯಿಲ್ಲದವನ್ನು ತೆಗೆಯಿರಿ. ಓಎಂಐಗೆ 2007ರಿಂದ ಒಂದು ತೊಂದರೆಯಿದೆ: ಅದರ ನೋಟಕ್ಕೆ ಅಡ್ಡಿಯುಂಟಾಗಿ ಪಿಕ್ಸೆಲ್‌ಗಳ ಕೆಲವು ಸಾಲುಗಳು ಕೆಟ್ಟಿವೆ. ಆ ಸಾಲುಗಳನ್ನು ಕೈಬಿಡದಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಸಮಯವನ್ನೂ ಗಮನಿಸಿ. ಕಡತದಲ್ಲಿ ಗ್ರೀನ್‌ವಿಚ್ ವೇಳೆ ಇರುತ್ತದೆ. ನಮ್ಮ ಮಧ್ಯಾಹ್ನದ 1:45 ಅಲ್ಲಿ 8:15. ಎರಡೂ ಅಳತೆಗಳ ನಡುವೆ ಮೂರು ಗಂಟೆಗಿಂತ ಹೆಚ್ಚು ಅಂತರ ಬೇಡ.

ಉಪಗ್ರಹದ ಅಂಕಿಯಿಂದ ನೆಲದ ಅಂಕಿಯನ್ನು ಕಳೆದು, ನೆಲದ ಅಂಕಿಯಿಂದ ಭಾಗಿಸಿ, ನೂರರಿಂದ ಗುಣಿಸಿ. ಉದಾಹರಣೆಗೆ 262 ಮತ್ತು 256 ಇದ್ದರೆ ವ್ಯತ್ಯಾಸ ಶೇ 2.3. ಒಂದು ದಿನದ ವ್ಯತ್ಯಾಸಕ್ಕೆ ಹೆಚ್ಚು ಅರ್ಥವಿಲ್ಲ. ಇಡೀ ವರ್ಷದ ಮಧ್ಯಾಂಕ ತೆಗೆಯಿರಿ.

ಉಪಗ್ರಹ ಹೆಚ್ಚು ತೋರಿಸಿದ ಮಾತ್ರಕ್ಕೆ ಅದರದೇ ತಪ್ಪು ಎನ್ನಬೇಡಿ. ಕೊಡೈಕೆನಾಲ್ ಕೇಂದ್ರವನ್ನೇ ನೋಡಿ. ಅದು ಸುಮಾರು 2340 ಮೀಟರ್ ಎತ್ತರದಲ್ಲಿದೆ. ಓಎಂಐನ ಪಿಕ್ಸೆಲ್ ನೇರ ಕೆಳಗೆ ನೋಡಿದಾಗಲೂ 13×24 ಕಿ.ಮೀ.; ಅದರೊಳಗೆ ಬೆಟ್ಟದ ಬುಡದ ಬಯಲೂ ಸೇರಿಬಿಡಬಹುದು. ಬಯಲಿಂದ ಬೆಟ್ಟದ ತುದಿವರೆಗಿನ ಗಾಳಿಯಲ್ಲಿ ನೂರು ಕೋಟಿಗೆ 30 ಭಾಗ ಓಝೋನ್ ಇದ್ದರೂ ಐದಾರು ಡಾಬ್ಸನ್ ಯೂನಿಟ್ ಆಗುತ್ತದೆ. ಬೆಟ್ಟದ ಮೇಲಿನ ಮಾಪಕಕ್ಕೆ ಅದು ಸಿಗುವುದೇ ಇಲ್ಲ. ಈ ಪಾಲನ್ನು ಸರಿದೂಗಿಸಿಯೇ ಹೋಲಿಸಬೇಕು.

ಮೋಡವೂ ಕಾಡುತ್ತದೆ. ದಟ್ಟ ಮೋಡದಡಿಯ ಓಝೋನ್ ಉಪಗ್ರಹಕ್ಕೆ ಕಾಣದು. ಹಳೆಯ ಸರಾಸರಿಗಳಿಂದ ಆ ಭಾಗವನ್ನು ತುಂಬಿರುತ್ತಾರೆ. ಹೀಗಾಗಿ ವ್ಯತ್ಯಾಸವನ್ನು ಮೋಡದ ಪ್ರಮಾಣಕ್ಕೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿ. ವ್ಯತ್ಯಾಸ ಋತುವಿಗೆ ತಕ್ಕಂತೆ ಏರಿಳಿದರೆ ಉಷ್ಣಾಂಶವನ್ನು ಪರೀಕ್ಷಿಸಿ. ಡಾಬ್ಸನ್‌ನ ಮಾಮೂಲಿ ಲೆಕ್ಕ ಓಝೋನ್ ಪದರ ಸದಾ ಮೈನಸ್ 46.3 ಡಿಗ್ರಿಯಲ್ಲಿದೆ ಎಂದು ಹಿಡಿಯುತ್ತದೆ. ಒಂದು ಡಿಗ್ರಿ ಬದಲಾದರೆ ಸುಮಾರು ಶೇ 0.13ರಷ್ಟು ತಪ್ಪು ಬರುತ್ತದೆ.

ಕೊನೆಗೆ ತಿಂಗಳ ಸರಾಸರಿಗಳನ್ನು ಸಾಲಾಗಿ ಇಟ್ಟು ನೋಡಿ. ಒಂದೇ ಕೇಂದ್ರದಲ್ಲಿ ಅಂತರ ದಿಢೀರನೆ ಜಿಗಿದಿದ್ದರೆ ಆ ಮಾಪಕದ ದುರಸ್ತಿ, ಮಾಪನಾಂಕನದ ದಾಖಲೆ ಕೇಳಿ. ಎಲ್ಲ ಕೇಂದ್ರಗಳಲ್ಲೂ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಉಪಗ್ರಹವನ್ನು ಶಂಕಿಸಿ. 1978ರಲ್ಲಿ ಹಾರಿದ ನಿಂಬಸ್-7ರ ಟಾಮ್ಸ್ ಉಪಕರಣದಲ್ಲಿ ಸೂರ್ಯನ ಬೆಳಕನ್ನು ಹರಡುವ ಫಲಕ ಮಸುಕಾಗುತ್ತ ಬಂದು ಓಝೋನ್ ಇಳಿಕೆ ವಾಸ್ತವಕ್ಕಿಂತ ಹೆಚ್ಚಾಗಿ ಕಂಡಿತ್ತು. ಡಾಬ್ಸನ್ ಕೇಂದ್ರಗಳ ಜಾಲದೊಂದಿಗೆ ಹೋಲಿಸಿದಾಗ ಆ ಜಾರಿಕೆ ಹೀಗೆಯೇ ಕಣ್ಣಿಗೆ ಬಿದ್ದದ್ದು.