ಊರಿನಲ್ಲಿ ಕಳೆದ ದಿನಗಳೇ ಕೆಲಸ ಉಳಿಸಿದವು

ಅಮೆರಿಕದಲ್ಲಿ ದುಡಿಯಲು ನನಗಿದ್ದ ಎಚ್-1ಬಿ ವೀಸಾದ ಗರಿಷ್ಠ ಆರು ವರ್ಷಗಳು 2023ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದರಲ್ಲಿದ್ದವು. ಹೆಂಡತಿ ಅಮೆರಿಕದ ಪ್ರಜೆಯಾದ್ದರಿಂದ ಆ ವರ್ಷವೇ ಐ-130 (ಗಂಡನಿಗಾಗಿ ಹೆಂಡತಿ ಹಾಕುವ ಅರ್ಜಿ), ಐ-485 (ಗ್ರೀನ್ ಕಾರ್ಡಿನ ಅರ್ಜಿ), ಐ-765 (ಕೆಲಸದ ಅನುಮತಿಯ ಅರ್ಜಿ) ಮೂರನ್ನೂ ಒಟ್ಟಿಗೆ ಹಾಕಿದ್ದೆವು. ಆದರೆ ಕೆಲಸದ ಅನುಮತಿಯ ಇಎಡಿ ಕಾರ್ಡು ಅಷ್ಟರೊಳಗೆ ಕೈಸೇರುವ ಲಕ್ಷಣವಿರಲಿಲ್ಲ. ಅರ್ಜಿ ಬಾಕಿಯಿರುವಾಗ ಈ ದೇಶದಲ್ಲಿ ಉಳಿಯಲು ಅಡ್ಡಿಯಿಲ್ಲ, ದುಡಿಯುವಂತಿಲ್ಲ, ಅಷ್ಟೆ. ಮನೆ ಬಾಡಿಗೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕಂಪನಿಯವರು ನನಗಾಗಿ ಪರ್ಮ್ (ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಪಡೆಯುವ ದಾರಿಯ ಮೊದಲ ಹೆಜ್ಜೆ) ಆರಂಭಿಸಿರಲಿಲ್ಲ. ಆದ್ದರಿಂದ ಏಳನೆಯ ವರ್ಷದ ಮಾತೇ ಇಲ್ಲವೆಂದು ಕೇಳಿದವರೆಲ್ಲರೂ ಹೇಳಿದರು. "ಮದುವೆಯ ಅರ್ಜಿ ತೋರಿಸಿದರೆ ಎಚ್-1ಬಿ ಬೆಳೆಯುವುದಿಲ್ಲ ಮಾರಾಯ, ಸುಮ್ಮನೆ ಮೂರು ತಿಂಗಳು ಮನೆಯಲ್ಲಿ ಕೂರು" ಎಂದು ನನಗಿಂತ ಹತ್ತು ವರ್ಷ ಮೊದಲು ಇಲ್ಲಿಗೆ ಬಂದ ತೀರ್ಥಹಳ್ಳಿಯ ಗೆಳೆಯನೊಬ್ಬ ಬುದ್ಧಿ ಹೇಳಿದ. ಅವನ ಮಾತು ಸರಿಯಾಗಿಯೇ ಇತ್ತು; ನಾನು ಕೇಳಬೇಕೆಂದಿದ್ದದ್ದು ಏಳನೆಯ ವರ್ಷವನ್ನಲ್ಲ, ಆರು ವರ್ಷಗಳಲ್ಲಿ ಬಳಸದೆ ಉಳಿದ ದಿನಗಳನ್ನು. ಅಮೆರಿಕದ ಹೊರಗೆ ಕಳೆದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ ಮತ್ತು ದಾಖಲೆಯಿದ್ದರೆ ಅವನ್ನು ಮರಳಿ ಪಡೆಯಬಹುದು ಎಂಬ ನಿಯಮವನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರುತ್ತಾರೆ. ಒಂದೆರಡು ವಾರಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆಂದು ಬಿಟ್ಟಿರುತ್ತಾರೆ.

ನನ್ನಲ್ಲಿ ಇದ್ದದ್ದು ಒಂದೆರಡು ವಾರವಲ್ಲ. 2021ರ ಏಪ್ರಿಲಿನಲ್ಲಿ ತಂದೆಯವರ ಅನಾರೋಗ್ಯದ ಕಾರಣ ಊರಿಗೆ ಹೋಗಿದ್ದೆ. ಮೇ 4ರಿಂದ ಭಾರತದಲ್ಲಿದ್ದವರ ಪ್ರವೇಶಕ್ಕೆ ಅಮೆರಿಕ ನಿರ್ಬಂಧ ಹೇರಿತು. ಮೂರು ತಿಂಗಳು ಕಾದು, ಕೊನೆಗೆ ಬೇರೆ ದೇಶದಲ್ಲಿ 14 ದಿನ ಕಳೆದು ಬರುವ ದಾರಿ ಹಿಡಿದು, ಮೆಕ್ಸಿಕೋದ ಹೋಟೆಲೊಂದರಲ್ಲಿ ಎರಡು ವಾರ ಬಿದ್ದುಕೊಂಡು ಮರಳಿದೆ. ವಿಮಾನ, ಹೋಟೆಲು, ಪರೀಕ್ಷೆ ಎಲ್ಲ ಸೇರಿ ಮೂರೂವರೆ ಸಾವಿರ ಡಾಲರಿನಷ್ಟು ಕರಗಿತ್ತು. ಸಂಬಳವಿಲ್ಲದ ರಜೆಯ ನಷ್ಟ ಬೇರೆ. ಎರಡು ವರ್ಷಗಳ ನಂತರ ಆ ಮೆಕ್ಸಿಕೋದ ದಿನಗಳೂ ನನ್ನ ಖಾತೆಗೆ ಜಮೆಯಾದವು.

ಮೊದಲ ಲೆಕ್ಕದಲ್ಲಿ ನಾನು 168 ದಿನಗಳನ್ನು ಬರೆದು ವಕೀಲರಿಗೆ ಕೊಟ್ಟೆ. ಅವರು ಅರ್ಧ ಗಂಟೆಯಲ್ಲಿ ಹತ್ತನ್ನು ಕತ್ತರಿಸಿದರು. ಪೂರ್ತಿ 24 ಗಂಟೆ ಹೊರಗಿದ್ದ ದಿನ ಮಾತ್ರ ಸಲ್ಲುತ್ತದೆ. ಹೊರಟ ದಿನವೂ ಬಂದಿಳಿದ ದಿನವೂ ಸಲ್ಲುವುದಿಲ್ಲ. ಐದು ಪ್ರಯಾಣಗಳಿದ್ದವು, ತಲಾ ಎರಡು ದಿನ ಹೋಯಿತು. ನಯಾಗರಾದ ಕೆನಡಾ ಬದಿಗೆ ಶುಕ್ರವಾರ ಸಂಜೆ ಹೋಗಿ ಭಾನುವಾರ ಬಂದಿದ್ದೆವು. ಅದರಲ್ಲಿ ಉಳಿದದ್ದು ಒಂದು ಶನಿವಾರ. ರಸ್ತೆಯ ಮೂಲಕ ದಾಟಿದ್ದರಿಂದ ಹೊರಹೋದ ದಾಖಲೆ ಐ-94ರ (ಅಮೆರಿಕಕ್ಕೆ ಬಂದು ಹೋಗುವುದರ ಸರ್ಕಾರಿ ದಾಖಲೆ) ಇತಿಹಾಸದಲ್ಲಿ ಕಾಣಲಿಲ್ಲ, ಹೋಟೆಲಿನ ಬಿಲ್ಲು ಹುಡುಕಬೇಕಾಯಿತು. ಒಂದು ದಿನಕ್ಕೆ ಇಷ್ಟು ಶ್ರಮವೇಕೆ ಎಂದು ಹೆಂಡತಿ ನಕ್ಕಳು, ಆದರೂ ನಾನು ಬಿಡಲಿಲ್ಲ.

ಅಮೆರಿಕ ಬಿಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲವಾದ್ದರಿಂದ, ದೇವನಹಳ್ಳಿಯಲ್ಲಿ ಇಳಿದಾಗ ಬಿದ್ದ ಮುದ್ರೆಯೇ ನನ್ನ ಮುಖ್ಯ ಸಾಕ್ಷಿಯಾಯಿತು. ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟಿದ್ದು ಒಳ್ಳೆಯದಾಯಿತು. ಪ್ರತಿ ಪ್ರಯಾಣಕ್ಕೂ ಒಂದು ಸಾಲಿನ ಪಟ್ಟಿ ಮಾಡಿ, ಎದುರಿಗೆ ಸಾಕ್ಷಿಯ ಪುಟಸಂಖ್ಯೆ ಹಾಕಿದೆ. ಅರ್ಜಿಯ ಜೊತೆಗಿಡುವ ಕಂಪನಿಯ ಪತ್ರದ ಎರಡನೆಯ ಪ್ಯಾರಾವನ್ನು ನಾನೇ ಬರೆದುಕೊಟ್ಟೆ. ಅದರ ಒಕ್ಕಣೆಯನ್ನು ಇಲ್ಲಿ ಹಾಕುವುದಿಲ್ಲ, ಅದು ನನ್ನ ಬಂಡವಾಳ.

ಎಚ್‌ಆರ್ ವಿಭಾಗವನ್ನು ಒಪ್ಪಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಐದು ತಿಂಗಳ ವಿಸ್ತರಣೆಗಾಗಿ ಕಂಪನಿ ಹಾಕಬೇಕಾದ ಪೂರ್ತಿ ಐ-129 ಅರ್ಜಿಯೇ ಎಂದು ಅವರು ಗೊಣಗಿದರು. ಬೇಗ ತೀರ್ಮಾನ ಪಡೆಯಲು ಕೊಡುವ ಪ್ರೀಮಿಯಂ ಶುಲ್ಕ ಆಗ 2,500 ಡಾಲರ್ ಇತ್ತು. ಅವಸರ ನನ್ನದೇ ಆದ್ದರಿಂದ ಅದನ್ನು ನಾನೇ ಕೊಟ್ಟೆ. ಜುಲೈ ಮಧ್ಯದಲ್ಲಿ ಅರ್ಜಿ ಹೋಯಿತು, ಆಗಸ್ಟಿನಲ್ಲಿ ಆರ್‌ಎಫ್‌ಇ, ಅಂದರೆ ಹೆಚ್ಚಿನ ಸಾಕ್ಷಿ ಕೇಳುವ ಪತ್ರ, ಬಂತು: ಮೆಕ್ಸಿಕೋದ ಮುದ್ರೆ ಮಸುಕಾಗಿತ್ತು. ಹೋಟೆಲಿನ ರಸೀದಿ ಮತ್ತು ಮರಳುವ ವಿಮಾನಕ್ಕಾಗಿ ಮಾಡಿಸಿದ್ದ ಕೋವಿಡ್ ಪರೀಕ್ಷೆಯ ವರದಿ ಕಳಿಸಿದೆವು. ತಿಂಗಳ ಕೊನೆಗೆ 158 ದಿನಗಳೂ ಮಂಜೂರಾದವು, ಒಂದೂ ಕಡಿಮೆಯಿಲ್ಲ. 2024ರ ಮಾರ್ಚ್ ಮೊದಲ ವಾರದವರೆಗೆ ಉಸಿರಾಡುವಂತಾಯಿತು.

ಇಷ್ಟೆಲ್ಲ ಅವಸರವಾಗಲು ನನ್ನದೇ ಒಂದು ತಪ್ಪೂ ಕಾರಣ. ಐ-485ಕ್ಕೆ 1,225, ಐ-130ಕ್ಕೆ 535 ಎಂದು ಎರಡು ಚೆಕ್ ಬರೆಯುವ ಬದಲು 1,760ಕ್ಕೆ ಒಂದೇ ಚೆಕ್ ಬರೆದಿದ್ದೆ. ಇಡೀ ಕಟ್ಟು ಮೂರು ವಾರಗಳ ನಂತರ ಹಿಂದಕ್ಕೆ ಬಂತು. ನಡುವೆ, ಆರ್ಥಿಕ ನಷ್ಟದ ಕಾರಣ ಕೊಟ್ಟು ಇಎಡಿ ಬೇಗ ಕೊಡಿರೆಂದು ಎಕ್ಸ್‌ಪಿಡೈಟ್ (ತ್ವರಿತಗೊಳಿಸುವ) ಕೋರಿಕೆಯನ್ನೂ ಹಾಕಿ ನೋಡಿದೆ. ನಿರಾಕರಿಸಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಮ್ಮ ಕ್ಷೇತ್ರದ ಸದಸ್ಯರ ಕಚೇರಿಯ ಮೂಲಕ ವಿಚಾರಿಸಿದಾಗಲೂ "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲು ಬಂತು. ಈ ಎರಡಕ್ಕೂ ಕಾಸು ಖರ್ಚಾಗಲಿಲ್ಲ, ನಿದ್ದೆ ಮಾತ್ರ ಹೋಯಿತು.

ಇಎಡಿ ಬಂದದ್ದು 2024ರ ಜನವರಿಯಲ್ಲಿ. ತಡವಾದದ್ದರಿಂದ ಲಾಭವೂ ಆಯಿತು: 2023ರ ಸೆಪ್ಟೆಂಬರ್ 27ರಿಂದ ಕಾರ್ಡಿನ ಅವಧಿಯನ್ನು ಐದು ವರ್ಷಕ್ಕೆ ಏರಿಸಿದ್ದರು, ನನಗೂ ಐದು ವರ್ಷವೇ ಸಿಕ್ಕಿತು. ಕಾರ್ಡು ಬಂದ ಕೂಡಲೇ ಐ-9ರಲ್ಲಿ (ಕೆಲಸದ ಅರ್ಹತೆ ತೋರಿಸಲು ಕಂಪನಿ ಇಡುವ ನಮೂನೆ) ಅದನ್ನು ತೋರಿಸದೆ, ಎಚ್-1ಬಿ ಮುಗಿಯುವವರೆಗೂ ಅದರ ಮೇಲೆಯೇ ದುಡಿದೆ. ಐ-485 ಎಲ್ಲಿಯಾದರೂ ಮುಗ್ಗರಿಸಿದರೆ ಅಲ್ಲಿಯವರೆಗಾದರೂ ಕಾಲಡಿ ನೆಲವಿರಲೆಂದು.

ಈಗ ಇದೇ ಸ್ಥಿತಿಯಲ್ಲಿರುವವರಿಗೆ ಆ ಐದು ವರ್ಷಗಳಿಲ್ಲ. 2025ರ ಡಿಸೆಂಬರ್ 5ರಿಂದ ಅವಧಿಯನ್ನು 18 ತಿಂಗಳಿಗೆ ಇಳಿಸಿದ್ದಾರೆ. ಅದೇ ವರ್ಷದ ಅಕ್ಟೋಬರ್ 30ರಿಂದ ಹಾಕಿದ ನವೀಕರಣಗಳಿಗೆ ಹಿಂದಿದ್ದ 540 ದಿನಗಳ ತಾನಾಗಿ ಆಗುವ ವಿಸ್ತರಣೆಯೂ ಇಲ್ಲ. ಹಾಗಾಗಿ ಕಾರ್ಡು ಮುಗಿಯುವುದಕ್ಕೆ 180 ದಿನಗಳಿರುವಾಗಲೇ ನವೀಕರಣ ಹಾಕಬೇಕು, ಎಚ್-1ಬಿ ಇರುವವರು ಅದನ್ನು ಕೈಬಿಡಬಾರದು. ಅಂದು ಮನೆಯಲ್ಲಿ ಕೂರು ಎಂದಿದ್ದ ಗೆಳೆಯ ಕಳೆದ ತಿಂಗಳು ತನ್ನ ತಮ್ಮನಿಗಾಗಿ ನನ್ನ ಪಟ್ಟಿಯನ್ನು ಕೇಳಿ ತರಿಸಿಕೊಂಡ. ಪಟ್ಟಿ ಕೊಟ್ಟಿದ್ದೇನೆ, ಆ ಎರಡನೆಯ ಪ್ಯಾರಾವನ್ನು ಅವನು ಇನ್ನೂ ಕೇಳುತ್ತಿದ್ದಾನೆ.